ವಾಟ್ಸ್ಯಾಪ್‌ನಲ್ಲಿ ಆರ್ಬಿಟ್ರೇಷನ್ ನೋಟಿಸ್ ಬಂದಿದೆ, ವಸೂಲಿ ಏಜೆಂಟರು ಮನೆಯವರಿಗೆಲ್ಲ ಫೋನ್ ಮಾಡುತ್ತಿದ್ದಾರೆ. ಮೊದಲು ಏನು ಮಾಡಬೇಕು?

ಕಂತುಬಾಕಿ:

ಒಂದು ಎನ್‌ಬಿಎಫ್‌ಸಿಯ (ಬ್ಯಾಂಕ್ ಅಲ್ಲದ, ಸಾಲ ಕೊಡುವ ಕಂಪನಿ) ಪರ್ಸನಲ್ ಲೋನ್. ಅಡಮಾನ ಏನೂ ಇಲ್ಲ. ಏಳು ಕಂತು ಬಾಕಿ. ಕಂಪನಿ ₹2,86,000 ಕೇಳುತ್ತಿದೆ. ಅದರಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ಬಿಡಿಸಿ ಹೇಳಿಲ್ಲ.

ಕಳೆದ ವಾರ ವಾಟ್ಸ್ಯಾಪ್‌ನಲ್ಲಿ ಎರಡು ಪಿಡಿಎಫ್ ಬಂದವು. ಒಂದರಲ್ಲಿ, ಸಾಲದ ಕರಾರಿನ ಪ್ರಕಾರ ಇಂಥವರನ್ನು ಏಕ ಆರ್ಬಿಟ್ರೇಟರ್ (ಕೋರ್ಟ್ ಹೊರಗೆ ವಿವಾದ ತೀರ್ಮಾನಿಸುವವರು) ಆಗಿ ನೇಮಿಸಿದ್ದೇವೆ ಅಂತ ಕಂಪನಿ ಬರೆದಿದೆ. ಇನ್ನೊಂದು ಆ ಆರ್ಬಿಟ್ರೇಟರ್‌ರದ್ದೇ: ಇಂಥ ದಿನ ಆನ್‌ಲೈನ್ ವಿಚಾರಣೆ, ಬಾರದಿದ್ದರೆ ಏಕಪಕ್ಷೀಯ ತೀರ್ಮಾನ. ಇನ್ನು ಹನ್ನೊಂದು ದಿನ ಇದೆ.

ಇದು ಕೋರ್ಟ್ ಸಮನ್ಸ್‌ನಷ್ಟೇ ತೂಕದ್ದಾ? ಹಾಜರಾದರೆ ಎಲ್ಲಾ ಒಪ್ಪಿಕೊಂಡಂತಾ? ಹಾಜರಾಗದಿದ್ದರೆ ಸಂಬಳಕ್ಕೆ ಕೈ ಹಾಕುತ್ತಾರಾ? ಏಜೆಂಟರು ಆಫೀಸಿಗೂ ಅತ್ತೆಯವರ ಮೊಬೈಲ್‌ಗೂ ಫೋನ್ ಮಾಡುತ್ತಿದ್ದಾರೆ, ಅದನ್ನು ನಿಲ್ಲಿಸುವ ದಾರಿ ಯಾವುದು? ಸಾಲ ತಗೊಂಡಿದ್ದು ನಿಜ, ತೀರಿಸುವ ಮನಸ್ಸೂ ಇದೆ. ಒಂದೇ ಸಲ ಕೊಡೋಕೆ ದುಡ್ಡಿಲ್ಲ.

ಮಳೆಬಿಲ್ಲು:

ಸುಮ್ಮನಿದ್ದುಬಿಡಿ ಸರ್. ವಾಟ್ಸ್ಯಾಪ್ ನೋಟಿಸ್‌ಗೆ ಬೆಲೆ ಇಲ್ಲ. ಕಂಪನಿ ತಾನೇ ಆರಿಸಿದ ಆರ್ಬಿಟ್ರೇಟರ್ ನಡೆಯಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅವರು ಕೊಡೋ ತೀರ್ಪು ಬರೀ ಕಾಗದ.

ವಕಾಲತ್ತು:

ಮೇಲಿನ ಉತ್ತರ ಅರ್ಧ ಸರಿ. ಇನ್ನರ್ಧವನ್ನು ನಂಬಿ ಕೂತರೆ ತೊಂದರೆ ಆಗೋದು ನಿಮಗೆ.

ಸರಿ ಇರೋದು ಇಷ್ಟು. 1996ರ ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ ಸೆಕ್ಷನ್ 12(5) ಮತ್ತು ಏಳನೇ ಶೆಡ್ಯೂಲ್ ಸೇರಿದವು. ಒಂದು ಪಕ್ಷದ ನೌಕರರು, ಸಲಹೆಗಾರರು, ಅವರೊಂದಿಗೆ ವ್ಯವಹಾರ ಇರುವವರು ಆರ್ಬಿಟ್ರೇಟರ್ ಆಗುವಂತಿಲ್ಲ, ಕರಾರಿನಲ್ಲಿ ಏನೇ ಬರೆದಿರಲಿ. 2019ರ ನವೆಂಬರ್‌ನಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿವಾದದ ಫಲಿತಾಂಶದಲ್ಲಿ ಆಸಕ್ತಿ ಇರುವವರು ಏಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತೆಯೂ ಇಲ್ಲ ಎಂದಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೋರ್ (ರೈಲ್ವೆ ವಿದ್ಯುದೀಕರಣ ಸಂಸ್ಥೆ) ಪ್ರಕರಣದಲ್ಲಿ, ಇಂಥ ಒಬ್ಬರ ಕೈಯ ನೇಮಕ ಎರಡೂ ಪಕ್ಷಗಳನ್ನು ಸಮಾನವಾಗಿ ಕಾಣಬೇಕೆಂಬ ತತ್ವಕ್ಕೆ ವಿರುದ್ಧ ಎಂದಿದೆ. ಆರ್ಬಿಟ್ರೇಟರ್ ನೇಮಕ ಆಗಬೇಕಾದರೆ ನೀವಿಬ್ಬರೂ ಒಪ್ಪಬೇಕು, ಇಲ್ಲವೇ ಕಂಪನಿ ಸೆಕ್ಷನ್ 11ರಡಿ ಹೈಕೋರ್ಟ್‌ಗೆ ಹೋಗಬೇಕು.

ತಪ್ಪಿರೋದು "ಸುಮ್ಮನಿರಿ" ಅನ್ನೋ ಸಲಹೆ. ನಿಮ್ಮ ಆಕ್ಷೇಪಣೆ ಕಡತದಲ್ಲಿ ಇಲ್ಲದಿದ್ದರೆ ಆರ್ಬಿಟ್ರೇಟರ್ ಮುಂದುವರಿಯುತ್ತಾರೆ. ಸೆಕ್ಷನ್ 25ರ ಪ್ರಕಾರ ನೀವು ಉತ್ತರ ಕೊಡದಿರುವುದನ್ನು ತಪ್ಪೊಪ್ಪಿಗೆ ಅಂತ ಹಿಡಿಯುವಂತಿಲ್ಲ, ಆದರೆ ಕಂಪನಿ ಕೊಟ್ಟ ದಾಖಲೆ ನೋಡಿಯೇ ಅವಾರ್ಡ್, ಅಂದರೆ ತೀರ್ಪು, ಬರೆಯಬಹುದು. ಅದಕ್ಕೂ ಮೊದಲೇ ಸೆಕ್ಷನ್ 17ರಡಿ ಮಧ್ಯಂತರ ಆದೇಶ ಹೊರಡಿಸಿ, ಅದನ್ನು ನಿಮ್ಮ ಬ್ಯಾಂಕಿಗೆ ಕಳಿಸಿ ಖಾತೆ ಫ್ರೀಜ್ ಮಾಡಿಸುವುದೂ ಉಂಟು. ಆ ಆದೇಶ ಊರ್ಜಿತವೋ ಅಲ್ಲವೋ ಅಂತ ಬ್ಯಾಂಕಿನ ಶಾಖೆ ವಿಚಾರಿಸಲ್ಲ, ಖಾತೆ ತಡೆಹಿಡಿಯುತ್ತೆ. ಸಂಬಳ ಬಂದ ದಿನ ನೀವು ಪರದಾಡಬೇಕು. ವಾಟ್ಸ್ಯಾಪ್‌ನಲ್ಲಿ ಬಂತು ಅನ್ನೋ ಒಂದೇ ಕಾರಣಕ್ಕೆ ನೋಟಿಸ್ ತಲುಪಿಲ್ಲ ಅಂತ ವಾದಿಸಿ ಗೆಲ್ಲುವ ಭರವಸೆಯೂ ಇಟ್ಟುಕೊಳ್ಳಬೇಡಿ. ನೀಲಿ ಟಿಕ್ ಬಿದ್ದ ಸಂದೇಶವನ್ನು ಒಪ್ಪಿದ ಕೋರ್ಟ್‌ಗಳಿವೆ.

ಹಾಗಾಗಿ ಹನ್ನೊಂದು ದಿನದ ಒಳಗೆ ಮುಗಿಯಬೇಕಾದ ಕೆಲಸ ಒಂದು ಪುಟದ ಆಕ್ಷೇಪಣೆ ಪತ್ರ. ಕರಾರು ಇಂಗ್ಲಿಷ್‌ನಲ್ಲಿದ್ದರೆ ಇದೂ ಇಂಗ್ಲಿಷ್‌ನಲ್ಲೇ ಇರಲಿ. ಸಾರ ಹೀಗಿರಲಿ:

"ತಮ್ಮ ನೋಟಿಸ್ ಇಂಥ ದಿನಾಂಕದಂದು ವಾಟ್ಸ್ಯಾಪ್ ಮೂಲಕ ಮಾತ್ರ ಬಂದಿದೆ. ಸೆಕ್ಷನ್ 21ರ ಪ್ರಕಾರ ಕಂಪನಿಯಿಂದ ಬರಬೇಕಿದ್ದ ನೋಟಿಸ್ ನನಗೆ ತಲುಪಿಲ್ಲ. ತಮ್ಮ ನೇಮಕಕ್ಕೆ ನನ್ನ ಒಪ್ಪಿಗೆ ಇಲ್ಲ. ವಿವಾದ ಹುಟ್ಟಿದ ಮೇಲೆ ಸೆಕ್ಷನ್ 12(5)ರ ಹಕ್ಕನ್ನು ಬಿಟ್ಟುಕೊಡುವ ಯಾವ ಲಿಖಿತ ಒಪ್ಪಂದಕ್ಕೂ ನಾನು ಸಹಿ ಮಾಡಿಲ್ಲ, ಮಾಡುವುದಿಲ್ಲ. ಸೆಕ್ಷನ್ 12(1) ಮತ್ತು ಆರನೇ ಶೆಡ್ಯೂಲ್‌ನ ನಮೂನೆಯಲ್ಲಿ ತಮ್ಮ ಘೋಷಣೆ ಕೊಡಿ. ಕಳೆದ ಮೂರು ವರ್ಷಗಳಲ್ಲಿ ಈ ಕಂಪನಿ ತಮ್ಮನ್ನು ಎಷ್ಟು ಪ್ರಕರಣಗಳಲ್ಲಿ ನೇಮಿಸಿದೆ ತಿಳಿಸಿ. ಸಾಲದ ಕರಾರು, ಕ್ಲೇಮ್ ಅರ್ಜಿ, ಪೂರ್ತಿ ಲೆಕ್ಕಪಟ್ಟಿ ಕಳಿಸಿ. ಕೇಳಿರುವ ಮೊತ್ತವನ್ನು ನಾನು ಒಪ್ಪಿಲ್ಲ. ಈ ಪ್ರಕ್ರಿಯೆಯಿಂದ ತಾವು ಹಿಂದೆ ಸರಿಯಬೇಕು."

ಸೆಕ್ಷನ್ 21ರ ನೋಟಿಸ್, ಅಂದರೆ ವಿವಾದವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸುತ್ತೇವೆ ಅಂತ ಕಂಪನಿ ಮೊದಲೇ ಕಳಿಸುವ ಪತ್ರ, ನಿಜವಾಗಿ ಬಂದಿದ್ದರೆ ಆ ವಾಕ್ಯ ತೆಗೆದುಬಿಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತೆ. ಹಳೇ ಅಂಚೆ, ಸ್ಪ್ಯಾಮ್ ಫೋಲ್ಡರ್ ಎರಡನ್ನೂ ನೋಡಿಕೊಂಡು ಬರೆಯಿರಿ. "ಎಷ್ಟು ಪ್ರಕರಣ" ಅಂತ ಕೇಳೋದಕ್ಕೆ ಕಾರಣ ಇದೆ: ಐದನೇ ಶೆಡ್ಯೂಲ್‌ನ 22ನೇ ಅಂಶದ ಪ್ರಕಾರ, ಹಿಂದಿನ ಮೂರು ವರ್ಷದಲ್ಲಿ ಒಂದೇ ಪಕ್ಷದಿಂದ ಎರಡು ಅಥವಾ ಹೆಚ್ಚು ಬಾರಿ ನೇಮಕವಾಗಿರುವುದು ನಿಷ್ಪಕ್ಷಪಾತದ ಬಗ್ಗೆ ಸಂಶಯಕ್ಕೆ ಆಧಾರ. ಸಾಲ ವಸೂಲಿಯಲ್ಲಿ ಒಬ್ಬರ ಮುಂದೆಯೇ ಕಂತೆಗಟ್ಟಲೆ ಕೇಸು ಇರುತ್ತವೆ.

ಪತ್ರ ಇಬ್ಬರಿಗೂ ಹೋಗಬೇಕು, ಆರ್ಬಿಟ್ರೇಟರ್‌ಗೂ ಕಂಪನಿಗೂ. ಇಮೇಲ್ ಮಾಡಿ, ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ರಸೀದಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ, ಆ ಪುಟ ವೆಬ್‌ಸೈಟಿನಲ್ಲಿ ಬಹಳ ದಿನ ಉಳಿಯಲ್ಲ.

ವಿಚಾರಣೆ ದಿನ ಲಿಂಕ್‌ಗೆ ಹೋಗಿ. ಮೊದಲ ಮಾತೇ "ನನ್ನ ಆಕ್ಷೇಪಣೆ ಇದೆ, ದಾಖಲಿಸಿಕೊಳ್ಳಿ" ಅಂತಿರಲಿ. ಹಾಜರಾದ ಮಾತ್ರಕ್ಕೆ ಒಪ್ಪಿದಂತಾಗಲ್ಲ. ಹಕ್ಕು ಬಿಟ್ಟುಕೊಡಲು ಸ್ಪಷ್ಟವಾದ ಲಿಖಿತ ಒಪ್ಪಂದವೇ ಬೇಕು ಅಂತ 2019ರ ಭಾರತ್ ಬ್ರಾಡ್‌ಬ್ಯಾಂಡ್ ತೀರ್ಪಿನಲ್ಲಿದೆ. ಆದರೂ ಅವರು ಮುಂದುವರಿದರೆ, ಆಕ್ಷೇಪಣೆಗೆ ಒಳಪಟ್ಟು ಅಂತ ಬರೆದು ಮೊತ್ತದ ಬಗ್ಗೆಯೂ ಉತ್ತರ ಕೊಡಿ. ಅಧಿಕಾರವೇ ಇಲ್ಲ ಅನ್ನೋ ವಾದವನ್ನು ಸೆಕ್ಷನ್ 16ರ ಪ್ರಕಾರ ಆ ಉತ್ತರದ ಹೊತ್ತಿಗಾದರೂ ಎತ್ತಿರಲೇಬೇಕು. ಅವರ ನೇಮಕ ರದ್ದು ಮಾಡಿಸಲು ಸೆಕ್ಷನ್ 14ರಡಿ ಕೋರ್ಟ್‌ಗೆ ಹೋಗಬಹುದು, ಅದಕ್ಕೆ ವಕೀಲರು ಬೇಕಾಗುತ್ತಾರೆ.

ಒಂದು ಮಾತು ಮನಸ್ಸಿನಲ್ಲಿರಲಿ. ಈ ಆಕ್ಷೇಪಣೆ ಗೆದ್ದರೆ ಆರ್ಬಿಟ್ರೇಟರ್ ಹೋಗುತ್ತಾರೆ, ಸಾಲ ಹೋಗಲ್ಲ. ನಿಮಗೆ ಸಿಗೋದು ಸಮಯ, ಮತ್ತೆ ಸರಿಯಾದ ಲೆಕ್ಕ ಕೇಳುವ ಜಾಗ.

ನಂದಾದೀಪ:

ಏಜೆಂಟರ ವಿಷಯವನ್ನು ಆರ್ಬಿಟ್ರೇಷನ್ ಜೊತೆ ಬೆರೆಸಬೇಡಿ. ಎರಡೂ ಬೇರೆ ದಾರಿ, ಬೇರೆ ಪತ್ರ.

ಆರ್‌ಬಿಐ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೆದರಿಕೆ, ಹೆಸರು ಹೇಳದ ಕರೆ, ನಾಲ್ಕು ಜನರ ಮುಂದೆ ಅವಮಾನ, ಮನೆಯವರ, ಸ್ನೇಹಿತರ, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕುವುದು, ಎಲ್ಲವೂ ನಿಷಿದ್ಧ. ಮೈಕ್ರೋಫೈನಾನ್ಸ್ ಸಾಲವಾದರೆ ಸಮಯ ಇನ್ನೂ ಕಡಿಮೆ, ಬೆಳಿಗ್ಗೆ 9ರಿಂದ ಸಂಜೆ 6. ಏಜೆಂಟ್ ಹೊರಗಿನ ಏಜೆನ್ಸಿಯವರಾದರೂ ಅವರು ಮಾಡಿದ್ದಕ್ಕೆ ಸಾಲ ಕೊಟ್ಟ ಕಂಪನಿಯೇ ಹೊಣೆ. "ನಮಗೆ ಗೊತ್ತಿಲ್ಲ, ಏಜೆನ್ಸಿಯವರು" ಅನ್ನೋ ಉತ್ತರ ಒಪ್ಪಬೇಡಿ.

ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿ: ದಿನಾಂಕ, ಗಂಟೆ, ಯಾವ ನಂಬರ್, ಯಾರಿಗೆ, ಏನಂದರು. ಅತ್ತೆಯವರ ಫೋನಿನ ಕಾಲ್ ಲಾಗ್ ಸ್ಕ್ರೀನ್‌ಶಾಟ್ ಬೇಕೇ ಬೇಕು. ದೂರಿನ ಗಟ್ಟಿ ಭಾಗ ಅದೇ. "ತುಂಬಾ ಕಿರುಕುಳ ಕೊಡ್ತಾರೆ" ಅಂತ ಬರೆದ ದೂರಿಗೆ ಕಂಪನಿ ಎರಡು ಸಾಲಿನ ಕ್ಷಮೆ ಬರೆದು ಮುಚ್ಚುತ್ತೆ. "ಇಂಥ ದಿನ ರಾತ್ರಿ 8.40ಕ್ಕೆ, ಸಾಲಕ್ಕೆ ಸಂಬಂಧವೇ ಇಲ್ಲದವರಿಗೆ, ಈ ನಂಬರಿನಿಂದ" ಅಂತ ಬರೆದರೆ ಹಾಗೆ ಮುಚ್ಚಲು ಆಗಲ್ಲ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಇರಬೇಕು. ಪಟ್ಟಿ ಲಗತ್ತಿಸಿ, ಏಜೆನ್ಸಿಯ ಹೆಸರು ಮತ್ತು ಅಧಿಕಾರ ಪತ್ರ ಕೇಳಿ, ಇನ್ನು ಮುಂದೆ ನಿಮ್ಮ ಒಂದು ನಂಬರ್ ಮತ್ತು ಇಮೇಲ್‌ನಲ್ಲಿ ಮಾತ್ರ ಸಂಪರ್ಕಿಸಿ ಅಂತ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆರ್‌ಬಿಐನ ದೂರು ಪೋರ್ಟಲ್ ಸಿಎಂಎಸ್‌ನಲ್ಲಿ ದೂರು ಹಾಕಿ. ಶುಲ್ಕ ಇಲ್ಲ. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಕರೆ ಮಾಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅದೇ ವಿವಾದ ಕೋರ್ಟ್ ಅಥವಾ ಆರ್ಬಿಟ್ರೇಟರ್ ಮುಂದೆ ಇದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳಲ್ಲ. "ಮೊತ್ತ ತಪ್ಪು" ಅನ್ನೋದನ್ನು ಈ ದೂರಿನಲ್ಲಿ ಸೇರಿಸಿದರೆ ಇಡೀ ದೂರು ಆ ನೆಪದಲ್ಲಿ ವಾಪಸ್ ಬರಬಹುದು. ಏಜೆಂಟರ ನಡತೆ ಮಾತ್ರ ಬರೆಯಿರಿ.

ಮನೆಗೆ ಬಂದರೆ ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿ ಫೋಟೋ ತೆಗೆದುಕೊಳ್ಳಿ. ಒಳಗೆ ಕರೆಯಬೇಕಾಗಿಲ್ಲ. ಟಿವಿ, ಗಾಡಿ ಏನನ್ನೂ ಎತ್ತಿಕೊಂಡು ಹೋಗುವ ಹಕ್ಕು ಅವರಿಗಿಲ್ಲ. ಹೆದರಿಸಿದರೆ 112.

ಕಂತುಬಾಕಿ:

ತುಂಬಾ ಉಪಕಾರ. ಎರಡು ಹೊಸ ವಿಷಯ. ವಿಚಾರಣೆಯ ಲಿಂಕ್ ತೆರೆದರೆ ಮೊಬೈಲ್‌ಗೆ ಓಟಿಪಿ ಬರುತ್ತೆ, ಆಮೇಲೆ "ಆರ್ಬಿಟ್ರೇಟರ್ ನೇಮಕಕ್ಕೆ ಮತ್ತು ಆನ್‌ಲೈನ್ ಪ್ರಕ್ರಿಯೆಗೆ ಒಪ್ಪಿದ್ದೇನೆ" ಅಂತ ಟಿಕ್ ಹಾಕುವ ಚೌಕ ಇದೆ. ಟಿಕ್ ಹಾಕದೆ ಮುಂದೆ ಹೋಗಲ್ಲ. ಇನ್ನೊಂದು, ಇವತ್ತು ₹5,000 ಯುಪಿಐ ಮಾಡಿದರೆ ವಿಚಾರಣೆ ನಿಲ್ಲಿಸ್ತೀವಿ ಅಂತ ಏಜೆಂಟ್ ಹೇಳ್ತಿದ್ದಾರೆ, ಜೊತೆಗೆ ಐಪಿಸಿ 420 ಅಂತ ಬರೆದ "ಅರೆಸ್ಟ್ ವಾರಂಟ್" ಕಳಿಸಿದ್ದಾರೆ.

ವಕಾಲತ್ತು:

ಟಿಕ್ ಹಾಕಬೇಡಿ. ಮೇಲೆ ಹೇಳಿದ ಆ "ಲಿಖಿತ ಒಪ್ಪಂದ" ಇದೇ ಅಂತ ನಾಳೆ ಕಂಪನಿ ವಾದಿಸೋದು ಆ ಚೌಕ ತೋರಿಸಿಯೇ. ಪರದೆಯ ಸ್ಕ್ರೀನ್‌ಶಾಟ್ ತೆಗೆದು, "ಒಪ್ಪಿಗೆ ಕೊಡದೆ ಒಳಗೆ ಬಿಡುತ್ತಿಲ್ಲ, ಆಕ್ಷೇಪಣೆ ಸಹಿತ ಹಾಜರಾಗಲು ಸಿದ್ಧ, ಬೇರೆ ಲಿಂಕ್ ಕೊಡಿ" ಅಂತ ಅದೇ ದಿನ ಇಬ್ಬರಿಗೂ ಇಮೇಲ್ ಮಾಡಿ. ಅಲ್ಲಿಗೆ ಹಾಜರಾಗದಿದ್ದ ತಪ್ಪು ನಿಮ್ಮದಲ್ಲ ಅಂತ ದಾಖಲೆ ಆಯ್ತು.

ವಾರಂಟ್ ವಿಷಯ: ಆರ್ಬಿಟ್ರೇಟರ್‌ಗಾಗಲಿ ಕಂಪನಿಗಾಗಲಿ ಬಂಧನದ ವಾರಂಟ್ ಹೊರಡಿಸುವ ಅಧಿಕಾರವೇ ಇಲ್ಲ. ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಈಗ ಅದರ 318ನೇ ಸೆಕ್ಷನ್. ಇತ್ತೀಚೆಗೆ ಬಾಕಿ ಬಿದ್ದ ಸಾಲಕ್ಕೆ ಐಪಿಸಿ 420 ಅಂತ ಬರೆದವರು ಕಾನೂನು ನೋಡಿಲ್ಲ, ಹೆದರಿಸಲು ನೋಡಿದ್ದಾರೆ. ಆ ಪಿಡಿಎಫ್ ಅಳಿಸಬೇಡಿ, ದೂರಿಗೆ ಲಗತ್ತಿಸಿ.

ಆದರೆ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಬಗ್ಗೆ ಬರುವ ಲೀಗಲ್ ನೋಟಿಸ್ ಇದರಂತಲ್ಲ. ಚೆಕ್ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, ಆಟೋ ಡೆಬಿಟ್ (ಎನ್‌ಎಸಿಎಚ್) ಆದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25. ಎರಡೂ ಕ್ರಿಮಿನಲ್. ಹಣ ಕಟ್ಟಲು ನೋಟಿಸ್ ಕೈಸೇರಿದ ದಿನದಿಂದ 15 ದಿನ ಮಾತ್ರ ಕಾಲ. ಅಂಥದ್ದು ಬಂದರೆ ಅವತ್ತೇ ವಕೀಲರ ಹತ್ತಿರ ಹೋಗಿ.

ಲೆಕ್ಕಪುಸ್ತಕ:

₹5,000 ಕೊಡಬೇಡಿ. ಏಜೆಂಟ್ ಕೊಟ್ಟ ಯುಪಿಐಗೆ ಹಾಕಿದ ದುಡ್ಡು ಸಾಲದ ಖಾತೆಗೆ ಸೇರುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ವಿಚಾರಣೆ ನಿಲ್ಲಿಸುವ ಅಧಿಕಾರ ಅವರಿಗೂ ಇಲ್ಲ. ಖಾತೆಗೆ ಸೇರಿದರೂ ಮೊದಲು ದಂಡಕ್ಕೆ, ಬಡ್ಡಿಗೆ ಹೋಗುತ್ತೆ, ಅಸಲು ಹಾಗೇ ಇರುತ್ತೆ.

ಮೊದಲು ಲೆಕ್ಕಪಟ್ಟಿ ತರಿಸಿ. ಸಾಲ ಕೊಟ್ಟ ದಿನದಿಂದ ಇವತ್ತಿನವರೆಗಿನ ಪೂರ್ತಿ ಸ್ಟೇಟ್‌ಮೆಂಟ್, ಜೊತೆಗೆ ಮೂಲ ಕರಾರು, ಕಂತಿನ ಪಟ್ಟಿ. ಮೂರು ಕಡೆ ಗುರುತು ಹಾಕಿ: ಬೌನ್ಸ್ ಚಾರ್ಜ್ ಒಂದೇ ತಿಂಗಳಲ್ಲಿ ಎಷ್ಟು ಸಲ ಬಿದ್ದಿದೆ, ದಂಡದ ಮೇಲೆ ಮತ್ತೆ ಬಡ್ಡಿ ಹಾಕಿದ್ದಾರಾ, ನೀವು ಕೊಟ್ಟ ಕಂತು ಯಾವುದಾದರೂ ಜಮಾ ಆಗದೆ ಉಳಿದಿದೆಯಾ. ಆರ್‌ಬಿಐ 2023ರ ಆಗಸ್ಟ್ 18ರಂದು ದಂಡವನ್ನು ಬಡ್ಡಿ ರೂಪದಲ್ಲಿ ಹಾಕುವುದನ್ನೇ ನಿಲ್ಲಿಸಿತು. ಶುಲ್ಕವಾಗಿ ಹಾಕಬಹುದು, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿ. "ಪೀನಲ್ ಇಂಟರೆಸ್ಟ್" ಅನ್ನೋ ಸಾಲು ಪಟ್ಟಿಯಲ್ಲಿ ಕಂಡರೆ ಅದನ್ನೇ ಹಿಡಿದು ಕೇಳಿ.

ರಾಜಿ ಮಾತುಕತೆ ಕಂಪನಿಯ ಜೊತೆ, ಇಮೇಲ್‌ನಲ್ಲಿ, ಆಕ್ಷೇಪಣೆ ಪತ್ರದಿಂದ ಬೇರೆಯಾಗಿ. ಮೇಲ್ಗಡೆ "ಹಕ್ಕುಗಳಿಗೆ ಬಾಧೆ ಇಲ್ಲದಂತೆ, ರಾಜಿಗಾಗಿ ಮಾತ್ರ" ಅಂತ ಬರೆಯಿರಿ. ಒಪ್ಪಂದ ಆದರೆ ಕಂಪನಿಯ ಲೆಟರ್‌ಹೆಡ್‌ನಲ್ಲಿ, ಕಂಪನಿಯ ಇಮೇಲ್ ವಿಳಾಸದಿಂದಲೇ ಪತ್ರ ಬರಬೇಕು. ಸಾಲದ ಖಾತೆ ಸಂಖ್ಯೆ, ಒಟ್ಟು ಮೊತ್ತ, ಕಂತು ಕಂತಾದರೆ ಪ್ರತಿ ದಿನಾಂಕ, ಇದು ಪೂರ್ಣ ಮತ್ತು ಅಂತಿಮ ಅನ್ನೋ ಮಾತು, ಆರ್ಬಿಟ್ರೇಷನ್ ಹಾಗೂ ಬೌನ್ಸ್ ಕೇಸ್ ವಾಪಸ್ ಪಡೆಯುವ ಮಾತು, ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ಕೊಡುವ ದಿನ, ಕ್ರೆಡಿಟ್ ರಿಪೋರ್ಟ್‌ನಲ್ಲಿ ಏನು ಬರೆಯುತ್ತಾರೆ ಅನ್ನೋದು, ಇಷ್ಟೂ ಅದರಲ್ಲಿರಲಿ. ಒಂದು ದಿನಾಂಕ ತಪ್ಪಿದರೆ ರಿಯಾಯಿತಿ ಪೂರ್ತಿ ರದ್ದು ಅನ್ನೋ ಷರತ್ತು ಸಾಮಾನ್ಯವಾಗಿ ಇರುತ್ತೆ. ಅದಕ್ಕೇ ಸಂಬಳದ ದಿನಕ್ಕಿಂತ ಐದಾರು ದಿನ ಆಚೆಗಿನ ತಾರೀಖು ಕೇಳಿ. ಹಣ ಸಾಲದ ಖಾತೆಗೆ ನೇರವಾಗಿ.

ಕಡಿಮೆ ಮೊತ್ತಕ್ಕೆ ಮುಗಿಸಿದರೆ ರಿಪೋರ್ಟ್‌ನಲ್ಲಿ "ಸೆಟಲ್ಡ್" ಅಂತ ಬೀಳುತ್ತೆ, ಪೂರ್ತಿ ಕೊಟ್ಟರೆ "ಕ್ಲೋಸ್ಡ್". ಮುಂದೆ ಮನೆ ಸಾಲ ಬೇಕಾಗುವವರಿಗೆ ಈ ವ್ಯತ್ಯಾಸ ದೊಡ್ಡದು. ರಿಪೋರ್ಟ್ ತಪ್ಪಿದ್ದು, ತಿದ್ದಲು ಕೇಳಿ 30 ದಿನ ಕಳೆದರೂ ತಿದ್ದದಿದ್ದರೆ ದಿನಕ್ಕೆ ₹100 ಪರಿಹಾರ ಕೇಳಬಹುದು.

ಓದುತ್ತಿರುವ ಬೇರೆಯವರಿಗೆ: ಸಾಲ ಬಾಕಿಯ ಕ್ಲೇಮ್‌ಗೆ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಮೂರು ವರ್ಷ ಮುಗಿಯುವ ಮುಂಚೆ "ಬಾಕಿ ಇದೆ, ಕೊಡ್ತೀನಿ" ಅಂತ ಸಹಿ ಹಾಕಿ ಕೊಟ್ಟರೆ ಲೆಕ್ಕ ಮತ್ತೆ ಮೊದಲಿಂದ ಶುರು. ಸಹಿಯಿರುವ ಬರಹದೊಂದಿಗೆ ಸ್ವಲ್ಪ ಹಣ ಕಟ್ಟಿದರೂ ಅಷ್ಟೇ. ಹಳೇ ಸಾಲಕ್ಕೆ ಏಜೆಂಟರು ಚೂರುಪಾರು ಹಣ ಕೇಳುವುದರ ಹಿಂದೆ ಇದೂ ಇರಬಹುದು.

ಅಮಲ್ಜಾರಿ:

ಸಂಬಳದ ಪ್ರಶ್ನೆ ಉಳಿದಿದೆ, ಅವಾರ್ಡ್ ಬಂದ ಮೇಲಿನ ಕಥೆ ಹೇಳ್ತೀನಿ.

ಅವಾರ್ಡ್ ಬಂದ ದಿನವೇ ಸಂಬಳ ಕಡಿತ ಆಗಲ್ಲ. ಸಹಿ ಮಾಡಿದ ಪ್ರತಿ ನಿಮಗೆ ತಲುಪಬೇಕು. ಅಲ್ಲಿಂದ ಮೂರು ತಿಂಗಳೊಳಗೆ ಸೆಕ್ಷನ್ 34ರಡಿ ರದ್ದತಿಗೆ ಅರ್ಜಿ ಹಾಕಬಹುದು. ಸರಿಯಾದ ಕಾರಣ ಇದ್ದರೆ ಕೋರ್ಟ್ ಇನ್ನು 30 ದಿನ ಕೊಡಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ಮಾರ್ಚ್ 10ಕ್ಕೆ ಪ್ರತಿ ಬಂದಿದ್ದರೆ ಜೂನ್ 10, ಕಾರಣ ತೋರಿಸಿದರೆ ಜುಲೈ 10. ಲಕೋಟೆ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯೇ ನಿಮ್ಮ ಸಾಕ್ಷಿ. ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲಲ್ಲ. ತಡೆಯಾಜ್ಞೆಗೆ ಸೆಕ್ಷನ್ 36ರಡಿ ಬೇರೆ ಅರ್ಜಿ ಬೇಕು, ಕೋರ್ಟ್ ಒಂದಿಷ್ಟು ಹಣ ಠೇವಣಿ ಇಡಿ ಅನ್ನಬಹುದು. ಯಾವ ಊರಿನ ಕೋರ್ಟ್ ಅನ್ನೋದು ಕರಾರಿನ "ಸೀಟ್" (ಆರ್ಬಿಟ್ರೇಷನ್‌ಗೆ ಗೊತ್ತುಮಾಡಿದ ಊರು) ಸಾಲಿನ ಮೇಲೆ ನಿಂತಿದೆ, ಅದಕ್ಕೇ ಕರಾರಿನ ಪ್ರತಿ ಈಗಲೇ ತರಿಸಿಕೊಳ್ಳಿ.

ಕಂಪನಿ ಮಾತ್ರ ನಿಮ್ಮ ಆಸ್ತಿ, ಸಂಬಳ ಇರುವ ಊರಿನಲ್ಲೇ ನೇರವಾಗಿ ಅಮಲ್ಜಾರಿ ಅರ್ಜಿ (ಅವಾರ್ಡ್ ಜಾರಿ ಮಾಡಿಸುವ ಅರ್ಜಿ) ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆಗ ಕೋರ್ಟ್‌ನಿಂದ ನೋಟಿಸ್ ಬರುತ್ತೆ. ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಒಬ್ಬರ ಕೈಯಲ್ಲೇ ನೇಮಕವಾದ ಆರ್ಬಿಟ್ರೇಟರ್‌ರ ಅವಾರ್ಡ್ ಜಾರಿ ಮಾಡಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಒಂದು ಬ್ಯಾಂಕಿನ ಪ್ರಕರಣದಲ್ಲಿ ಹೇಳಿದ್ದುಂಟು. ಆ ತಕರಾರು ಇಲ್ಲೂ ಎತ್ತಬಹುದು, ಆದರೆ ಇದನ್ನೇ ನಂಬಿ ಸೆಕ್ಷನ್ 34ರ ಗಡುವು ಬಿಡಬೇಡಿ.

ಸಂಬಳ ಜಪ್ತಿಗೆ ಸಿವಿಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 60 ಮಿತಿ ಹಾಕಿದೆ: ಮೊದಲ ₹1,000 ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ₹40,000 ಸಂಬಳವಾದರೆ ₹39,000ದ ಮೂರನೇ ಒಂದು ಭಾಗ, ಅಂದರೆ ₹13,000ಕ್ಕಿಂತ ಹೆಚ್ಚು ಕಡಿತ ಆಗಲ್ಲ. ಒಂದೇ ಡಿಕ್ರಿಗೆ (ಕೋರ್ಟ್ ಜಾರಿ ಮಾಡುವ ತೀರ್ಪು, ಅವಾರ್ಡ್ ಕೂಡ ಹಾಗೇ ಜಾರಿಯಾಗುತ್ತೆ) ಒಟ್ಟು 24 ತಿಂಗಳು ಕಡಿತ ಆದಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಸಿಗಲ್ಲ. ಪಿಎಫ್ ಹಣ, ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಜಪ್ತಿಯಿಂದ ಹೊರಗೆ. ಕೊಡಲು ನಿಜವಾಗಿ ಇಲ್ಲದವರನ್ನು ಬರೀ ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪಿದೆ.

ಸೆಕ್ಷನ್ 17ರ ಆದೇಶದಿಂದ ಖಾತೆ ಈಗಲೇ ಫ್ರೀಜ್ ಆದರೆ, ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಆದೇಶದ ಪ್ರತಿ ತೆಗೆದುಕೊಳ್ಳಿ. ಅದರ ಮೇಲೆ ಸೆಕ್ಷನ್ 37ರಡಿ ಕೋರ್ಟ್‌ಗೆ ಮೇಲ್ಮನವಿ ಇದೆ. ವಕೀಲರ ಫೀಸು ಕಷ್ಟವಾದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಮಳೆಬಿಲ್ಲು:

ನನ್ನ ಉತ್ತರ ತಪ್ಪು ದಾರಿಗೆ ಎಳೆಯುವಂತಿತ್ತು, ತಿದ್ದಿದ್ದಕ್ಕೆ ಧನ್ಯವಾದ. ಒಂದು ಸಂಶಯ: "ಪ್ರೀ ಲಿಟಿಗೇಷನ್ ಕನ್ಸಿಲಿಯೇಷನ್" ಅಂತ ಬರುವ ಆನ್‌ಲೈನ್ ಕರೆಗೂ ಹೀಗೇ ಆಕ್ಷೇಪಣೆ ಕಳಿಸಬೇಕಾ?

ವಕಾಲತ್ತು:

ಬೇಡ, ಅದು ರಾಜಿಗೆ ಕರೆ. ಹೋಗುವುದು ಬಿಡುವುದು ನಿಮ್ಮಿಷ್ಟ, ಹೋಗದಿದ್ದರೆ ತೀರ್ಪು ಬರೆಯುವ ಅಧಿಕಾರ ಅವರಿಗಿಲ್ಲ. ಕಂತಿನ ಮಾತುಕತೆಗೆ ಒಳ್ಳೇ ಜಾಗವೂ ಹೌದು. ಆದರೆ ಅಲ್ಲಿ ಸಹಿಯಾದ ರಾಜಿ ಪತ್ರ ಡಿಕ್ರಿಯಂತೆ ಜಾರಿಯಾಗಬಲ್ಲದು. ಓಟಿಪಿ ಹಾಕುವ ಮುಂಚೆ ಪಿಡಿಎಫ್ ಕೇಳಿ ತೆಗೆದುಕೊಂಡು, ಒಂದು ದಿನ ಇಟ್ಟುಕೊಂಡು, ಲೆಕ್ಕಪುಸ್ತಕ ಅವರು ಹೇಳಿದ ಅಂಶಗಳೆಲ್ಲ ಅದರಲ್ಲಿವೆಯಾ ನೋಡಿ. ಕಂತುಬಾಕಿ ಅವರೇ, ಇವತ್ತು ರಾತ್ರಿ ಪತ್ರ ಟೈಪ್ ಮಾಡಿ, ನಾಳೆ ಬೆಳಿಗ್ಗೆ ಅಂಚೆಗೆ ಹಾಕಿ. ಹಾಕುವ ಮುಂಚೆ ಹೆಸರು, ನಂಬರ್ ತೆಗೆದು ಇಲ್ಲಿ ಹಾಕಿದರೆ ಒಮ್ಮೆ ಓದಿ ಹೇಳ್ತೀವಿ.